ಅಂಬಾಸಿಡರ್ ಪಾಯಿಂಟೂ, ನಮ್ಮನೆಯವ್ರ ಕಣ್ಣೂ

ಹೋದ ಸಲ ಹುಣಸೆ ತೊಕ್ಕಿನ ವಿಷ್ಯ ಬರ್ದಿದ್ದೆ. ಈ ಸಲ ಕಾರಿನ ವಿಷ್ಯ. "ಇವಳ್ಗೂ ಕಾರಿಗೂ ಏನವ್ವಾ ಸಂಬಂಧ" ಅಂತ ಬಸರಾಳು ಅತ್ತಿಗೆ ನಗ್ತಾರೆ, ನಂಗೊತ್ತು. ಪೂರ್ತಿ ಓದ್ಬುಟ್ಟು ಆಮೇಲೆ ನಗಿ.

ನಮ್ಮನೆ ಅಂಬಾಸಿಡರು ನೀವೆಲ್ಲ ಕಂಡಿರೋದೇ. 1984ರಲ್ಲಿ ನಮ್ಮ ಮಾವ ಕಬ್ಬಿನ ದುಡ್ಡಲ್ಲಿ ತಂದ ಬಿಳೀ ಮಾರ್ಕ್ ಫೋರ್, ಪೆಟ್ರೋಲ್ ಗಾಡಿ. ನಮ್ಮ ಬೀದಿಯ ಎಷ್ಟೋ ಹೆಣ್ಮಕ್ಕಳು ಗಂಡನ ಮನೆಗೆ ಹೋಗಿದ್ದು ಅದ್ರಲ್ಲೇ. ಆ ಕಾರು ಮಾಡ್ತಿದ್ದ ಬಂಗಾಳದ ಉತ್ತರಪಾರದ ಕಾರ್ಖಾನೆ 2014ರಲ್ಲೇ ನಿಂತೋಯ್ತು. ನಮ್ಮದು ಮಾತ್ರ ಇನ್ನೂ ಓಡ್ತಾ ಅದೆ. ಓಡಿಸ್ತಿದ್ದೋರು ನಮ್ಮನೆಯವ್ರು.

ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಬಾನೆಟ್ ಎತ್ತೋದು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚೋದು, ಪಾಯಿಂಟ್ ನೋಡೋದು. ಪಾಯಿಂಟ್ ಅಂದ್ರೆ ಏನು ಅಂತ ನಂಗೂ ಮೂವತ್ತು ವರ್ಷ ಗೊತ್ತಿರ್ಲಿಲ್ಲ. ಈಗ ಗೊತ್ತಾಗಿರೋದನ್ನ ಹೇಳ್ತೀನಿ. ನಾವು ಒಲೆ ಹಚ್ಚೋ ಲೈಟರ್ ಟಿಕ್ ಅಂದ್ರೆ ಕಿಡಿ ಹಾರ್ತದಲ್ಲ, ಎಂಜಿನ್ ಒಳಗೂ ಅಂಥದೇ ಕಿಡಿ ಬೇಕು. ಬ್ಯಾಟರಿಲಿ ಇರೋದು ಹನ್ನೆರಡೇ ವೋಲ್ಟು. ಅದು ಕಾಯಿಲ್ ಒಳಗೆ ಹರೀತಿದ್ದಾಗ ಪಟಕ್ ಅಂತ ಕತ್ತರಿಸಿದ್ರೆ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಲ್ಲಿ ಕಿಡಿ ಹಾರ್ತದೆ. ಆ ಕತ್ತರಿಸೋ ಕೆಲ್ಸ ಪಾಯಿಂಟಿನದು. ಬೆರಳುಗುರಿಗಿಂತ ಚಿಕ್ಕ ಎರಡು ಲೋಹದ ಬಿಲ್ಲೆ, ಸೇರ್ತವೆ, ಬಿಡ್ತವೆ. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತುವಾಗ ಈ ಬಿಲ್ಲೆಗಳು ನಿಮಿಷಕ್ಕೆ ಆರು ಸಾವಿರ ಸಲ ಬಿಡಬೇಕು. ಬಿಟ್ಟಾಗ ನಡುವೆ ಇರಬೇಕಾದ ಸಂದು ಸುಮಾರು 0.4 ಮಿಲಿಮೀಟರು, ಅಷ್ಟೇ. ಬಿಲ್ಲೆ ಸುಟ್ಟು ಗುಳಿ ಬೀಳ್ತದೆ, ಹಿಮ್ಮಡಿ ಸವೆದು ಸಂದು ಮುಚ್ಚಿಕೊಳ್ತದೆ. ಅದಕ್ಕೇ ಆಗಾಗ ಎಮರಿ ಪೇಪರಲ್ಲಿ ಉಜ್ಜಿ ಸಂದು ಸರಿ ಮಾಡಬೇಕು.

ಆ ಸಂದು ಅಳೆಯೋಕೆ ಗೇಜ್ ಅಂತ ಬರ್ತದೆ. ನಮ್ಮನೆಯವ್ರು ಗೇಜ್ ಕಳ್ಕೊಂಡು ಎಷ್ಟೋ ವರ್ಷ ಆಯ್ತು. ಅವ್ರ ಗೇಜ್ ಯಾವುದು ಗೊತ್ತಾ? ನಮ್ಮ ಲಗ್ನಪತ್ರಿಕೆ! ಮಿಕ್ಕಿದ್ದ ಕಾರ್ಡಲ್ಲಿ ಉದ್ದಕ್ಕೊಂದು ಪಟ್ಟಿ ಕತ್ತರಿಸಿಕೊಂಡು, ಅದು ಬಿಗಿಯಾಗೂ ಇರದೆ ಸಡ್ಲವಾಗೂ ಇರದೆ ಜಾರಿದ್ರೆ ಸರಿ ಅಂತಿದ್ರು. ನನ್ನ ಹೆಸ್ರಿನ ಅರ್ಧ ಆ ಪಟ್ಟೀಲಿ ಗ್ರೀಸ್ ಹತ್ಕೊಂಡು ಕೂತಿತ್ತು. ಮೊದ್ಲು ಕಂಡಾಗ ಜಗಳ ಆಡಿದ್ದೆ.

ಎರಡು ವರ್ಷದ ಹಿಂದೆ ಕಾರು ತೊಂದ್ರೆ ಕೊಡೋಕೆ ಶುರು ಮಾಡ್ತು. ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳೀತಿತ್ತು. ಏರಲ್ಲಿ ಕೆಮ್ತಿತ್ತು. ಇವ್ರು ವಾರಕ್ಕೊಂದು ಸಲ ನೋಡ್ತಿದ್ದ ಪಾಯಿಂಟನ್ನ ವಾರಕ್ಕೆ ಮೂರು ಸಲ ನೋಡೋಕೆ ಹತ್ತಿದ್ರು. "ಈಗಿನ ಸಾಮಾನು ಸರಿಯಿಲ್ಲ ಕಣಮ್ಮಿ" ಅಂತಿದ್ರು. ನಾನೂ ನಂಬಿದ್ದೆ. ಮಗ ಬೆಂಗಳೂರಿಂದ "ಮಾರಿಬುಡಿ" ಅಂತ ಫೋನ್ ಮಾಡ್ದಾಗಲೆಲ್ಲ ಎರಡು ದಿನ ಮುಖ ಊದಿಸಿಕೊಂಡಿರೋರು.

ಆಮೇಲೆ ಆ ರಾತ್ರಿ ಬಂತು. ಆಷಾಢ, ಸೋನೆ ಮಳೆ. ನಮ್ಮತ್ತೆಗೆ ಉಸಿರು ಕಟ್ಟಿದಂಗಾಯ್ತು. 108ಕ್ಕೆ ಮಾಡನ ಅಂದೆ. "ಅದು ಬರೋ ಹೊತ್ಗೆ ನಾವೇ ಮಂಡ್ಯದಲ್ಲಿರ್ತೀವಿ" ಅಂತ ಅವ್ವನ್ನ ಹಿಂದಿನ ಸೀಟಲ್ಲಿ ಮಲಗಿಸಿ ಹೊರಟೇ ಬುಟ್ರು. ಅರ್ಧ ದಾರಿ, ಎರಡೂ ಕಡೆ ಕಬ್ಬಿನ ಗದ್ದೆ, ಒಂದು ದೀಪ ಇಲ್ಲ. ಕಾರು ಎರಡು ಸಲ ಎಗರಿ ನಿಂತೋಯ್ತು.

ನಾನು ಮೊಬೈಲ್ ಬೆಳಕು ಹಿಡ್ಕೊಂಡೆ. ಇವ್ರು ಕ್ಯಾಪ್ ಬಿಚ್ಚಿ, ಮುಂದ್ಗಡೆಯಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗ್ಸಿ, ಕಾರ್ಡಿನ ಪಟ್ಟಿ ತಗೊಂಡು ಬಗ್ಗಿದ್ರು. ನಾನು ನೋಡ್ತಾನೇ ಇದ್ದೀನಿ, ಪಟ್ಟಿ ಪಾಯಿಂಟಿನ ನಡುವೆ ಹೋಗ್ತಾನೇ ಇಲ್ಲ. ಪಕ್ಕದಲ್ಲಿ ತಡಕಾಡ್ತಾ ಅದೆ. ಒಂದ್ಸಲ, ಎರಡ್ಸಲ, ನಾಕ್ಸಲ. ಕೈ ನಡುಗ್ತಾ ಇರ್ಲಿಲ್ಲ ಕಣ್ರವ್ವಾ. ಅವ್ರಿಗೆ ಕಾಣ್ತಾ ಇರ್ಲಿಲ್ಲ.

"ಕೊಡಿ ಇಲ್ಲಿ" ಅಂದೆ. ಏನೂ ಅನ್ಲಿಲ್ಲ, ಸುಮ್ನೆ ಕೊಟ್ರು. ಅವ್ರು ಹೇಳ್ದಂಗೆ ಸ್ಕ್ರೂ ಸಡ್ಲಿಸಿ, ಪಟ್ಟಿ ತೂರಿಸಿ, ಅದು ಜಾರೋ ಹಾಗೆ ಇಟ್ಟು ಬಿಗಿ ಮಾಡ್ದೆ. ಸಂದು ಪೂರ್ತಿ ಮುಚ್ಚಿ ಹೋಗಿತ್ತು. ಸೆಲ್ಫ್ ಹೊಡೆದ ತಕ್ಷಣ ಹತ್ಕೊಳ್ತು. ದೇವ್ರು ದೊಡ್ಡೋನು, ಅತ್ತೆ ನಾಕು ದಿನಕ್ಕೆ ಮನೆಗೆ ಬಂದ್ರು. ನಾನು ಮಾತ್ರ ಆಸ್ಪತ್ರೆ ಬೆಂಚಲ್ಲಿ ಕೂತು ನಡುಗ್ತಿದ್ದೆ. ಅಂಥ ಕಣ್ಣಿಟ್ಕೊಂಡು ಈ ಮನುಷ್ಯ ಮಳೇಲಿ, ಕತ್ತಲೇಲಿ ನಮ್ಮನ್ನ ಕೂರಿಸ್ಕೊಂಡು ಕಾರು ಓಡಿಸಿದ್ರಲ್ಲ! ಕೇಳಿದ್ದಕ್ಕೆ, "ಒಂದು ವರ್ಷದಿಂದ ಮಂಜು ಮಂಜು. ಹೇಳಿದ್ರೆ ಕಾರು ಮಾರಿಸ್ತೀರಾ ಅಂತ ಹೇಳ್ಲಿಲ್ಲ" ಅಂದ್ರು.

ನಮ್ಮಕ್ಕನ ಮಗ ಮೈಸೂರಲ್ಲಿ ಹಳೇ ಗಾಡಿ ಕೆಲ್ಸ ಬಲ್ಲೋನು. ಅವನನ್ನ ಕರೆಸ್ದೆ. "ಚಿಕ್ಕವ್ವಾ, ಪಾಯಿಂಟು ನೂರು ವರ್ಷಕ್ಕಿಂತ ಹಳೇ ಉಪಾಯ. ಅಮೆರಿಕದ ಕೆಟರಿಂಗ್ ಅನ್ನೋ ಎಂಜಿನಿಯರ್ ಮಾಡಿದ್ದು. ಈಗ ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಹಾಕ್ಬೋದು" ಅಂದ. ಇವ್ರು ಒಪ್ಲಿಲ್ಲ. "ಪಾಯಿಂಟ್ ಕೆಟ್ರೆ ಉಜ್ಜಿ ಮನೆ ಸೇರ್ಬೋದು. ಅದು ಕೆಟ್ರೆ ಕೆಟ್ಟಂಗೇ. ನನ್ನ ಕೈಗೆ ಸಿಗ್ದೇ ಇರೋದು ನಂಗ್ಯಾಕೆ?" ಸುಳ್ಳಲ್ಲ, ಹುಡುಗನೂ ಹೌದು ಅಂದ. ಅದಕ್ಕೇ ಒಂದು ಮಾತಾಯ್ತು. ಬಿಚ್ಚಿದ ಪಾಯಿಂಟು, ಕಂಡೆನ್ಸರು ಎಸೆಯೋದು ಬೇಡ. ಡಬ್ಬೀಲಿ ಹಾಕಿ ಕಾರಲ್ಲೇ ಇಡೋದು. ಹೊಸದು ಕೈಕೊಟ್ರೆ ಹಳೇದನ್ನೇ ಹಾಕ್ಕೊಂಡು ಬರೋದು.

ಕೆಲ್ಸ ಒಂದು ಬೆಳಿಗ್ಗೇಲಿ ಮುಗೀತು. ಪಾಯಿಂಟ್ ಇದ್ದ ಕಡೆ ಬೆಂಕಿಪೆಟ್ಟಿಗೆಯಷ್ಟು ಕರೀ ತುಂಡು ಕೂರಿಸಿ, ನಡುವಿನ ಕಂಬಕ್ಕೆ ಅಯಸ್ಕಾಂತದ ಬಳೆ ತೊಡಿಸ್ದ. ಅಯಸ್ಕಾಂತ ಹಾದುಹೋದಾಗ ಆ ತುಂಡಿಗೆ ಗೊತ್ತಾಗ್ತದೆ, ಅದೇ ಕರೆಂಟ್ ಕತ್ತರಿಸ್ತದೆ. ಒಂದಕ್ಕೊಂದು ತಾಗೋದೇ ಇಲ್ಲ, ಸವೆಯೋದೆಲ್ಲಿಂದ ಬಂತು? ಎರಡು ತಂತಿ ಕಾಯಿಲ್‌ಗೆ. ಪ್ಲಸ್ಸು ಮೈನಸ್ಸು ಅದಲು ಬದಲಾದ್ರೆ ಸುಟ್ಟೋಯ್ತದೆ ಅಂತ ಎರಡು ಸಲ ನೋಡ್ದ. ಕೊನೆಗೆ ಲೈಟ್ ಬಿಟ್ಟು ಟೈಮಿಂಗ್ ಸರಿ ಮಾಡ್ದ. ನಂಗೆ ಹೇಳಿಕೊಟ್ಟಿದ್ದು ಒಂದೇ: "ಎಂಜಿನ್ ನಿಂತಿದ್ದಾಗ ಕೀ ಆನ್ ಮಾಡಿ ಹಂಗೇ ಬಿಡ್ಬೇಡ ಚಿಕ್ಕವ್ವಾ, ಬಿಸಿಯಾಗಿ ಹಾಳಾಯ್ತದೆ."

ಈಗ ಚೋಕ್ ಎಳೆದು ಒಂದು ಸೆಲ್ಫ್ ಹೊಡೆದ್ರೆ ಸಾಕು. ಪೆಟ್ರೋಲೇನೂ ಉಳಿದಂಗೆ ಕಾಣ್ಲಿಲ್ಲ, ಅದು ಮೊದಲಿನಷ್ಟೇ ಕುಡೀತದೆ. ಆದ್ರೆ ಹೊರಟ ಕಾರು ಊರು ಸೇರ್ತದೆ ಅನ್ನೋ ಧೈರ್ಯ ಬಂತು.

ಅದೇ ವಾರ ಇವ್ರನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡೋದೆ. ಬಸ್ಸಲ್ಲಿ. ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು, ಜೊತೆಗೆ ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೂ ಕೈ ಇಡೋಕೆ ಶುರು ಮಾಡಿತ್ತು. "ಸಕ್ಕರೆ ಇರೋರು ಕಣ್ಣು ಚೆನ್ನಾಗಿ ಕಂಡ್ರೂ ವರ್ಷಕ್ಕೊಂದ್ಸಲ ಔಷ್ದಿ ಬಿಟ್ಟು ಒಳಗೆ ನೋಡಿಸ್ಬೇಕು" ಅಂತ ಡಾಕ್ಟ್ರು ಗದರಿದ್ರು. ಪೊರೆ ತೆಗೆದಾಯ್ತು. ಡಾಕ್ಟ್ರು ಹೂಂ ಅನ್ನೋವರ್ಗೂ ಕೀ ನನ್ನ ಸೆರಗಿನ ಗಂಟಲ್ಲಿತ್ತು.

ಅದಕ್ಕೇ ಇಷ್ಟುದ್ದ ಬರ್ದೆ. ಮೂವತ್ತು ವರ್ಷ ಸರಿಯಾಗಿ ಮಾಡ್ಕೊಂಡು ಬಂದ ಕೆಲ್ಸ ಮನೇಲಿ ಯಾರಿಗಾದ್ರೂ ಕೈಗೂಡ್ತಿಲ್ಲ ಅಂದ್ರೆ, ಸಾಮಾನು ಸರಿಯಿಲ್ಲ ಅಂತ ಸುಮ್ನಾಗ್ಬೇಡಿ. ಅತ್ತೆ ಮುದ್ದೆಗೆ ಎರಡ್ಸಲ ಉಪ್ಪು ಹಾಕಿದ್ರೆ ನಗ್ಬೇಡಿ. ಹತ್ರ ಕೂತು ನೋಡಿ. ಮತ್ತೆ, ರಾತ್ರಿ ಉಸಿರು ಕಟ್ಟಿದ್ರೆ ಮೊದ್ಲು 108.

ಹೋದ ಭಾನುವಾರ ಇವ್ರು ಡಬ್ಬಿ ತೆಗೆದು, ಕಾರ್ಡಿನ ಪಟ್ಟಿ ಬೆಳಕಿಗೆ ಹಿಡಿದು, "ನಿನ್ನ ಹೆಸ್ರು ಈಗ ಚೆನ್ನಾಗಿ ಕಾಣ್ತದೆ ಕಣಮ್ಮಿ. ಪಾಯಿಂಟೇ ವಾಪಸ್ ಹಾಕನ್ವಾ?" ಅಂದ್ರು.

"ಮುಚ್ಚಿ ಡಬ್ಬಿ" ಅಂದೆ. ಮುಚ್ಚಿದ್ರು. ಬಾನೆಟ್ ಮಾತ್ರ ಎತ್ತಿ ಅರ್ಧ ಗಂಟೆ ಸುಮ್ನೆ ನೋಡ್ಕೊಂಡು ನಿಂತಿದ್ರು. ನೋಡ್ಕೊಳ್ಳಲಿ ಬುಡಿ ಅಂತ ಇನ್ನೊಂದು ಲೋಟ ಕಾಫಿ ಅಲ್ಲಿಗೇ ಕೊಟ್ಟೆ.