ಒಹಾಯೋದಲ್ಲೊಂದು ಸುಳ್ಳು ದ್ವೀಪ

ಈ ಸೆಮಿಸ್ಟರ್‌ನ ಹ್ಯುಮಾನಿಟೀಸ್ ಎಲೆಕ್ಟಿವ್‌ನಲ್ಲಿ ‘ಈಗ ಇಲ್ಲದ ಒಂದು ಕಟ್ಟಡದ ಚರಿತ್ರೆ ಬರೀರಿ’ ಅಂತ ಅಸೈನ್‌ಮೆಂಟ್ ಬಂತು. ಬೇರೆ ಟೀಮ್‌ಗಳು ಕೋಟೆ, ಅರಮನೆ ಹಿಡಿದುಕೊಂಡವು. ನಾವು ನಾಲ್ವರು ಒಂದು ಹೋಟೆಲ್ ಹಿಡಿದುಕೊಂಡ್ವಿ: ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ಊರಿನಲ್ಲಿದ್ದ ಕಹೀಕಿ ಸಪ್ಪರ್ ಕ್ಲಬ್.

ಇದು ‘ಟಿಕಿ’ ಹೋಟೆಲ್. ಟಿಕಿ ಅಂದ್ರೆ ಪೆಸಿಫಿಕ್ ದ್ವೀಪಗಳ ಜನ ಕೆತ್ತುವ ಮನುಷ್ಯಾಕೃತಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಬಿದಿರು, ಪಂಜು, ರಮ್ ಸೇರಿಸಿ ಈ ಥರದ ಹೋಟೆಲ್ ಶುರು ಮಾಡಿದ್ರು. ಎರಡನೇ ಮಹಾಯುದ್ಧ ಮುಗಿಸಿ ಸೈನಿಕರು ಪೆಸಿಫಿಕ್‌ನಿಂದ ವಾಪಸ್ ಬಂದ ಮೇಲೆ ಅದು ದೊಡ್ಡ ಹುಚ್ಚೇ ಆಯ್ತು.

ಬಿಲ್ ಸ್ಯಾಪ್ ಮತ್ತು ಲೀ ಹೆನ್ರಿ 1961ರಲ್ಲಿ ಕಹೀಕಿ ತೆರೆದರು. ಸಮುದ್ರವೇ ಇಲ್ಲದ ಊರಲ್ಲಿ ದೋಣಿಯಂಥ ಎತ್ತರದ ಛಾವಣಿ. ಬಾಗಿಲ ಹೊರಗೆ ತಲೆ ಮೇಲೆ ಬೆಂಕಿ ಉರಿಯುವ ಎರಡು ದೊಡ್ಡ ಮೂರ್ತಿಗಳು. ಒಳಗೆ ಕಿಟಕಿಯಾಚೆ ನಕಲಿ ಮಳೆಕಾಡು. ಅಲ್ಲಿ ಆಗಾಗ ಗುಡುಗು, ಮಿಂಚು, ಮಳೆ! ‘ಮಿಸ್ಟರಿ ಡ್ರಿಂಕ್’ ಆರ್ಡರ್ ಮಾಡಿದ್ರೆ ಜಾಗಟೆ ಬಾರಿಸಿ, ಒಬ್ಬ ಹುಡುಗಿ ಬಟ್ಟಲು ಹಿಡಿದು ಬರುತ್ತಿದ್ದಳು. ಇದನ್ನೆಲ್ಲ ಓದಿ ನಮಗೆ ಖುಷಿಯೋ ಖುಷಿ. ನಮ್ಮ ಸಿವಿಲ್ ಗೆಳೆಯ ಛಾವಣಿ ಫೋಟೋ ನೋಡ್ತಾ ಅರ್ಧ ರಾತ್ರಿ ಕಳೆದ.

ಆಮೇಲೆ ಜಗಳ ಶುರುವಾಯ್ತು. ಒಳಗಿದ್ದ ಅಗ್ಗಿಷ್ಟಿಕೆ ದೈತ್ಯ ಮೋವಾಯ್ ಮುಖದ ಆಕಾರದಲ್ಲಿತ್ತು, ಬೆಂಕಿ ಉರಿಯುತ್ತಿದ್ದದ್ದು ಅದರ ಬಾಯೊಳಗೆ. ಮೋವಾಯ್ ಅಂದ್ರೆ ರಾಪಾ ನೂಯಿ ದ್ವೀಪದವರು ತಮ್ಮ ಪೂರ್ವಜರಿಗಾಗಿ ನಿಲ್ಲಿಸಿದ ಕಲ್ಲು. "ಯಾರೋ ನಮ್ಮ ಗೊಮ್ಮಟನ ಮುಖ ಮಾಡಿ, ಬಾಯಲ್ಲಿ ಬೆಂಕಿ ಹಾಕಿ ಬಾರ್ ನಡೆಸಿದ್ರೆ ಸುಮ್ನಿರ್ತೀವಾ?" ಅಂತ ನಮ್ಮಲ್ಲೊಬ್ಬಳು ಕೇಳಿದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಛಾವಣಿಗೆ ಮಾದರಿ ನ್ಯೂ ಗಿನಿಯದ್ದು, ಮುಖ ರಾಪಾ ನೂಯಿಯದ್ದು, ಹೆಸರು ಹವಾಯಿ ಭಾಷೆಯದ್ದು. ಸಾವಿರಾರು ಕಿಲೋಮೀಟರ್ ದೂರದೂರದ ಜನರನ್ನು ಒಂದೇ ಹಾಲ್‌ನಲ್ಲಿ ಕಲಸಿಬಿಟ್ಟಿದ್ರು.

ಹಾಗಂತ ‘ಹೋಗಿದ್ದೇ ಒಳ್ಳೇದಾಯ್ತು’ ಅನ್ನೋಕೂ ಆಗಲಿಲ್ಲ. 1997ರಲ್ಲಿ ಕಹೀಕಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿ ಸೇರಿತ್ತು. ಆದರೆ ಮಾಲೀಕ ತನ್ನ ದುಡ್ಡಲ್ಲೇ ಕೆಡವಿದರೆ ಆ ಪಟ್ಟಿ ತಡೆಯುವುದಿಲ್ಲ. 2000ದಲ್ಲಿ ಕಟ್ಟಡ ನೆಲಸಮವಾಯ್ತು. ಆ ಜಾಗಕ್ಕೆ ವಾಲ್‌ಗ್ರೀನ್ಸ್ ಔಷಧಿ ಅಂಗಡಿ ಬಂತು. ಉಳಿದದ್ದು ಮೆನು ಕಾರ್ಡು, ಮಗ್, ಫೋಟೋ. ದೊಡ್ಡ ಕಟ್ಟಡವನ್ನು ನಾವು ಮತ್ತೆ ಕಟ್ಟಿಕೊಂಡಿದ್ದು ಊಟಕ್ಕೆ ಬಂದವರು ಎತ್ತಿಟ್ಟುಕೊಂಡ ಇಂಥ ಚಿಲ್ಲರೆ ಸಾಮಾನುಗಳಿಂದಲೇ. ದ್ವೀಪ ಸುಳ್ಳಾದರೂ ಅಲ್ಲಿ ಮದುವೆ ವಾರ್ಷಿಕೋತ್ಸವ ಮಾಡಿಕೊಂಡವರ, ತಟ್ಟೆ ಎತ್ತಿದವರ ನೆನಪು ಸುಳ್ಳಲ್ಲವಲ್ಲ.

ರಿಪೋರ್ಟ್‌ನಲ್ಲಿ ಯಾವುದನ್ನು ಬರೆಯೋದು ಅಂತ ಎರಡು ದಿನ ವಾದ ಮಾಡಿದ್ವಿ. ಕೊನೆಗೆ ಎರಡನ್ನೂ ಬರೆದ್ವಿ. ಅಗ್ಗಿಷ್ಟಿಕೆಯ ಫೋಟೋ ಕೆಳಗೆ ಅದನ್ನು ಕಟ್ಟಿಸಿದವರ ಹೆಸರಿನ ಜೊತೆಗೆ, ಆ ಮುಖ ಯಾವ ದ್ವೀಪದವರದ್ದು, ಯಾರ ನೆನಪಿಗೆ ಕೆತ್ತಿದ್ದು ಅನ್ನೋದನ್ನೂ ಹಾಕಿದ್ವಿ. ಕಹೀಕಿಯ ಗೋಡೆಗಳು ಹೇಳದೇ ಬಿಟ್ಟಿದ್ದ ಮಾತು ಅದೊಂದೇ ಅಂತ ನಮಗನ್ನಿಸಿತು.