ಕೊರಳು ಮುಟ್ಟಿ ನೋಡಿದವರು

ನಮ್ಮ ಹೆಂಗಸರ ಕೊರಳಿಗೆ ಎಷ್ಟೊಂದು ಕೆಲಸ! ಸರ ಹೊರಬೇಕು, ಮನೆಯವರನ್ನೆಲ್ಲ ಕೂಗಿ ಎಬ್ಬಿಸಬೇಕು. ನನ್ನಂಥ ಟೀಚರಾದರೆ ಐವತ್ತು ಮಕ್ಕಳ ಗದ್ದಲದ ಮೇಲೆ ಪಾಠವನ್ನೂ ಹೇಳಬೇಕು. ಅಂಥ ಕೊರಳು 2022ರ ಚಳಿಗಾಲದಲ್ಲಿ ಮುಷ್ಕರ ಹೂಡಿತು.

ಮೊದಲು ನೆಗಡಿ, ಜ್ವರ ಬಂದು ಹೋಯಿತು. ಮೂರು ವಾರ ಕಳೆದು ಬಲಗಿವಿಯಲ್ಲಿ ಚಳುಕು, ದವಡೆಯಲ್ಲಿ ಸೆಳೆತ. ಮೆಣಸಿನ ಕಷಾಯವಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಹಲ್ಲಿನ ಡಾಕ್ಟರು ಒಂದು ಹುಳುಕು ಹಲ್ಲು ಕಿತ್ತರು. ನೋವು ಮಾತ್ರ ಅಲ್ಲೇ ಉಳಿಯಿತು. ಕರಿಮಣಿ ತಾಕಿದರೂ ಜೀವ ಹೋದಂತಾಗುತ್ತಿತ್ತು. ಎದೆ ಡವಡವ, ಸೀಮೆಸುಣ್ಣ ಹಿಡಿದರೆ ಕೈನಡುಕ. ನಮ್ಮ ದೊಡ್ಡಮ್ಮ ತೀರಿಕೊಂಡದ್ದು ಕೊರಳಿನ ಗಂಟಿನಿಂದ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ತೀರ ಕಡಿಮೆ, ಥೈರಾಯ್ಡ್ ಹಾರ್ಮೋನು ಹೆಚ್ಚು. ಒಬ್ಬರು ಚೀಟಿ ನೋಡಿದವರೇ ಅದನ್ನು ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಅತ್ತಿಗೆ ಒಪ್ಪದೆ ನನ್ನನ್ನು ಹಿರಿಯ ಡಾಕ್ಟರಮ್ಮ ಒಬ್ಬರ ಹತ್ತಿರ ಕರೆದೊಯ್ದರು. ಅವರು ಚೀಟಿಗಿಂತ ಮೊದಲು ಕೊರಳು ನೋಡಿದರು. ನೀರು ನುಂಗಿಸಿ, ಬೆರಳಿಟ್ಟು ಮೆಲ್ಲಗೆ ಒತ್ತಿದರು. ನಾನು ಚೀರಿದೆ. "ನೋವು ಗಂಟಲಲ್ಲಲ್ಲ, ಗ್ರಂಥಿಯಲ್ಲೇ ಇದೆ" ಎಂದರು.

ಥೈರಾಯ್ಡಿನ ಬಹುಪಾಲು ಕಾಯಿಲೆಗಳು ನೋಯುವುದಿಲ್ಲವಂತೆ. ನೋಯುವ ಕೆಲವೇ ಕಾಯಿಲೆಗಳನ್ನು ಅವರು ಒಂದೊಂದಾಗಿ ತಳ್ಳಿಹಾಕಿದರು. ಕೀವು ತುಂಬಿದ್ದರೆ ಚರ್ಮ ಕೆಂಪಾಗಿ ಜ್ವರ ಸುಡಬೇಕಿತ್ತು. ಗಂಟಿನೊಳಗೆ ರಕ್ತ ಸುರಿದಿದ್ದರೆ ನೋವು ಒಮ್ಮೆಗೇ ಬರಬೇಕಿತ್ತು. ಇಲ್ಲಿ ನೆಗಡಿಯ ಬೆನ್ನಿಗೆ ಬಂದ ಊತ. ಇ.ಎಸ್.ಆರ್. ಮಾಡಿಸಿದರೆ 86! ಅಗ್ಗದ ಪರೀಕ್ಷೆ, ಅಲ್ಲಿಯವರೆಗೆ ಯಾರಿಗೂ ನೆನಪಾಗಿರಲಿಲ್ಲ. ಐಯೊಡಿನ್ ಸ್ಕ್ಯಾನಿನಲ್ಲಿ ಗ್ರಂಥಿ ಐಯೊಡಿನ್ ಹೀರುತ್ತಲೇ ಇರಲಿಲ್ಲ. ಅಂದರೆ ಅದು ಹಾರ್ಮೋನು ಹೆಚ್ಚಾಗಿ ತಯಾರಿಸುತ್ತಿಲ್ಲ. ಊದಿಕೊಂಡು, ಕೂಡಿಟ್ಟದ್ದನ್ನು ಸೋರಿಸುತ್ತಿದೆ. ಕಣಜ ಸೋರುವಾಗ ಬಿತ್ತನೆ ನಿಲ್ಲಿಸಿದರೆ ಏನು ಬಂತು? ಹಿಂದಿನ ಮಾತ್ರೆ ಅದಕ್ಕೇ ಬೇಡವಾಯಿತು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೆನ್ 1904ರಲ್ಲೇ ಇದನ್ನು ವಿವರಿಸಿದ್ದನಂತೆ. ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಇದೂ ನಮ್ಮ ಪಾಲಿಗೇ!

ಕೊನೆಗೆ ಧೈರ್ಯ ಮಾಡಿ ದೊಡ್ಡಮ್ಮನ ವಿಷಯ ಹೇಳಿದೆ.

"ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಇಷ್ಟು ರಂಪ ಮಾಡುವುದಿಲ್ಲ ಟೀಚರ್. ಆದರೂ ನಿಮ್ಮ ಸಮಾಧಾನಕ್ಕೆ ಅಲ್ಟ್ರಾಸೌಂಡ್ ಮಾಡಿಸೋಣ."

ಗಂಟು ಇರಲಿಲ್ಲ. ಬರೀ ನೋವಿನ ಮಾತ್ರೆಗೆ ಜಗ್ಗದ್ದರಿಂದ ಸ್ಟೀರಾಯ್ಡ್ ಕೊಟ್ಟರು. ಎರಡನೆಯ ದಿನ ದಿಂಬಿಗೆ ತಲೆಯಿಟ್ಟು ನಿದ್ದೆಮಾಡಿದೆ. ಅದನ್ನು ಥಟ್ಟನೆ ಬಿಡದೆ, ವಾರಗಟ್ಟಲೆ ಇಳಿಸುತ್ತ ಬಂದರು. ಆಮೇಲೆ ಕೆಲವು ತಿಂಗಳು ಹಾರ್ಮೋನು ಕಡಿಮೆಯಾಗಿ ಮೈ ಜೋಲುಬಿತ್ತು, ತಾನಾಗಿಯೇ ಸರಿಹೋಯಿತು. ಕೆಲವರಿಗೆ ಆ ಕೊರತೆ ಉಳಿದುಬಿಡುತ್ತದಂತೆ. ಅದಕ್ಕೇ ವರ್ಷಕ್ಕೊಮ್ಮೆ ರಕ್ತ ಕೊಟ್ಟು ಬರುತ್ತೇನೆ.