ಶ್ರುತಿ ಇಳಿಸಿ ಹಾಡಿದ ಅಬ್ಬಾ

ಮಂಗಳೂರಿನಿಂದ ಬಿ.ಸಿ.ರೋಡಿಗೆ ಹೋಗುವ ಹೆದ್ದಾರಿಯಲ್ಲಿ, ನೇತ್ರಾವತಿಯ ಮಗ್ಗುಲಲ್ಲಿರುವ ಫರಂಗಿಪೇಟೆಯ ಒಂದು ಮನೆಯಲ್ಲಿ ಹಳೆಯ ಟೂ-ಇನ್-ವನ್ ಒಂದಿದೆ. ಮನೆಯ ಯಜಮಾನರು ಕುವೈತಿನಲ್ಲಿ ದುಡಿಯುತ್ತಿದ್ದಾಗ 1982ರ ರಜೆಗೆ ಬರುವಾಗ ತಂದದ್ದು. ಅದರ ಜೊತೆಗೆ ಅಬ್ಬಾ ತಂಡದ ಮೂರು ಕ್ಯಾಸೆಟ್ಟುಗಳೂ ಬಂದಿದ್ದವು. ಮನೆಯವರಿಗೆ ಹಾಡಿನ ಮಾತು ತಿಳಿಯುತ್ತಿರಲಿಲ್ಲ. ರಾಗಕ್ಕೆ ಮಾತ್ರ ಯಾರೂ ಅರ್ಥ ಕೇಳಲಿಲ್ಲ. 1990ರ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅವರು ಒಂದೇ ಒಂದು ಕೈಚೀಲ ಹಿಡಿದು ಅಮ್ಮಾನ್ ದಾರಿಯಾಗಿ ಊರು ಸೇರಿದರು. ಹೆದ್ದಾರಿ ಬದಿಯಲ್ಲಿ ಅಂಗಡಿ ಹಾಕಿದರು. ಅಂಗಡಿ ಈಗ ಮಗನದು. ಅವರು ಈಗ ಬರೀ ಅಜ್ಜ.

ಅಬ್ಬಾ ಎಂದರೆ ನಮ್ಮಲ್ಲಿ ಅಚ್ಚರಿಯ ಉದ್ಗಾರ. ಸ್ವೀಡನ್ನಿನಲ್ಲಿ ಅದು ನಾಲ್ವರ ಹೆಸರಿನ ಮೊದಲಕ್ಷರಗಳ ಕೂಟ: ಅಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್. 1974ರಲ್ಲಿ ಯೂರೋವಿಷನ್ ಸ್ಪರ್ಧೆ ಗೆದ್ದು ಜಗತ್ತಿನ ತುಂಬ ಹೆಸರಾದ ಈ ನಾಲ್ವರು ಎರಡು ದಂಪತಿಗಳಾಗಿದ್ದರು. ಎರಡೂ ದಾಂಪತ್ಯಗಳು ಮುರಿದವು. 1981ರ 'ದಿ ವಿಸಿಟರ್ಸ್' ಆಲ್ಬಮ್ಮಿನ ನಂತರ ಒಂದು ವರ್ಷದಲ್ಲೇ ತಂಡ ಸುಮ್ಮನಾಯಿತು. ಮುಚ್ಚಿದೆವು ಎಂದು ಅವರು ಘೋಷಿಸಲೂ ಇಲ್ಲ. ಆಮೇಲೆ ಹೊಸ ಆಲ್ಬಮ್ ಬಂದದ್ದು 2021ರ ನವೆಂಬರ್ 5ರಂದು. ಹೆಸರು 'ವಾಯೇಜ್', ಹಾಡುಗಳು ಹತ್ತು. ನಡುವೆ ಸುಮಾರು ನಲವತ್ತು ವರ್ಷ. ಹಾಡಿದ ಇಬ್ಬರು ಹೆಂಗಸರಲ್ಲಿ ಅಗ್ನೆತಾಗೆ ಆಗ 71, ಆನಿ-ಫ್ರಿಡ್‌ಗೆ 75.

ಆ ನವೆಂಬರಿನಲ್ಲಿ ಅಜ್ಜನ ಮನೆಯಲ್ಲಿ ಬೇರೊಂದು ಮೌನವಿತ್ತು. ಮೊಮ್ಮಗ ಏಳನೇ ತರಗತಿಯ ತನಕ ಶಾಲೆಯ ಪ್ರಾರ್ಥನೆಗೆ ಮುಂದೆ ನಿಂತು ಹಾಡುತ್ತಿದ್ದ ಹುಡುಗ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು. ಮರಳಿ ಹೋಗುವಾಗ ಅವನು ಒಂಬತ್ತನೇ ತರಗತಿ, ಮತ್ತು ಅವನ ಕಂಠ ಒಡೆದಿತ್ತು. ಮೊದಲ ದಿನವೇ ಹಾಡಲು ಹೋಗಿ ನಡುವೆ ದನಿ ಕೈಕೊಟ್ಟಿತು, ಹುಡುಗಿಯರು ನಕ್ಕರು. ಅವನು ಹಿಂದಿನ ಸಾಲಿಗೆ ಸರಿದ. ಸಂಗೀತದ ಪಾಠಕ್ಕೂ ಹೋಗಲಿಲ್ಲ. "ಎಂತ ಮಾರಾಯ, ಪೂರಾ ಬಿಟ್ಟೆಯಾ?" ಎಂದು ಅಜ್ಜ ಕೇಳಿದರೆ, "ನನ್ನ ಸ್ವರ ಹೋಯ್ತು ಅಜ್ಜ" ಎಂಬ ಒಂದೇ ಉತ್ತರ.

ಸ್ವರ ಹೋಗುವುದಿಲ್ಲ, ಬದಲಾಗುತ್ತದೆ. ನಮ್ಮ ಧ್ವನಿಪೆಟ್ಟಿಗೆಯಲ್ಲಿರುವ ಧ್ವನಿತಂತುಗಳು ತಂಬೂರಿಯ ತಂತಿಯ ನಿಯಮಕ್ಕೇ ಒಳಪಟ್ಟವು: ಉದ್ದವಾದಷ್ಟೂ ದಪ್ಪವಾದಷ್ಟೂ ಸೆಕೆಂಡಿಗೆ ಕಡಿಮೆ ಕಂಪನ, ಕೆಳಗಿನ ಸ್ಥಾಯಿ. ಹರೆಯದಲ್ಲಿ ಹಾರ್ಮೋನುಗಳಿಂದ ಹುಡುಗರ ಧ್ವನಿತಂತುಗಳು ಬೇಗ ಬೆಳೆಯುತ್ತವೆ. ಸುಮಾರು 250 ಹರ್ಟ್ಸ್ ಇದ್ದ ದನಿ ಕೆಲವೇ ತಿಂಗಳಲ್ಲಿ ಅದರ ಅರ್ಧದ ಹತ್ತಿರಕ್ಕೆ, ಅಂದರೆ ಒಂದು ಸ್ಥಾಯಿಯಷ್ಟು ಕೆಳಕ್ಕೆ ಇಳಿಯುತ್ತದೆ. ತಂತು ಹೊಸದು, ಅದನ್ನು ಬಿಗಿಯುವ ಸ್ನಾಯುಗಳ ಅಭ್ಯಾಸ ಹಳೆಯದು. ದನಿ ಒಡೆಯುವುದು ಅಲ್ಲಿ. ಹೆಂಗಸರಿಗೂ ಮುಟ್ಟು ನಿಂತ ಮೇಲೆ ಧ್ವನಿತಂತು ತುಸು ದಪ್ಪವಾಗಿ ದನಿ ತಗ್ಗುತ್ತದೆ. ಇದನ್ನು ಶಾಲೆಯಲ್ಲಿ ಎಂಟನೇ ತರಗತಿಯಲ್ಲೇ ಓದಿಸುತ್ತಾರೆ. ಓದಿದ್ದು ತನ್ನ ಗಂಟಲಿಗೂ ಅನ್ವಯಿಸುತ್ತದೆ ಎಂದು ಎಷ್ಟು ಮಕ್ಕಳಿಗೆ ಹೊಳೆಯುತ್ತದೋ!

ಪೇಪರಿನಲ್ಲಿ 'ವಾಯೇಜ್' ಸುದ್ದಿ ಓದಿದ ಅಜ್ಜ ಮೊಮ್ಮಗನ ಮೊಬೈಲಿನಲ್ಲಿ ಅದನ್ನು ಹಾಕಿಸಿದರು. ಮೊದಲ ಹಾಡಿಗೇ ಹುಡುಗ ಹುಬ್ಬೇರಿಸಿದ. "ಇದು ನಿಮ್ಮ ಟೇಪಿನ ಹಾಗೇ ಉಂಟಲ್ಲ, ಬೆಲ್ಟ್ ಲೂಸ್ ಆಗಿ!" ಟೂ-ಇನ್-ವನ್ನಿನ ಬೆಲ್ಟ್ ಸಡಿಲವಾಗಿ ವರ್ಷಗಳಾಗಿದ್ದವು. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕಾದ ಟೇಪು ನಿಧಾನಿಸಿ, ಅಬ್ಬಾ ಹೆಂಗಸರು ಶೀತ ಹಿಡಿದವರಂತೆ ಹಾಡುತ್ತಿದ್ದರು. ಆದರೆ ಟೇಪು ನಿಧಾನವಾದರೆ ಸ್ಥಾಯಿಯ ಜೊತೆ ತಾಳವೂ ಕುಂಟುತ್ತದೆ. ಇಲ್ಲಿ ತಾಳ ಸರಿಯಾಗಿತ್ತು, ದನಿ ಮಾತ್ರ ಕೆಳಗಿತ್ತು.

ನಾಲ್ಕು ಹಾಡು ಹಾಗೇ ಸಾಗಿತು. ಐದನೆಯದು 'ಜಸ್ಟ್ ಎ ನೋಷನ್' ಬಂದಾಗ ಹುಡುಗ ನೆಟ್ಟಗೆ ಕುಳಿತ. "ಇದು ಬೇರೆ ಯಾರೋ ಹಾಡಿದ್ದು ಅಜ್ಜ."

"ಅವರೇ. ಹಾಡಿದ್ದು ಎಪ್ಪತ್ತೆಂಟರಲ್ಲಿ."

ಅದು ನಿಜ. 1978ರಲ್ಲಿ ಧ್ವನಿಮುದ್ರಿಸಿ ಬದಿಗಿಟ್ಟಿದ್ದ ಹಾಡು ಅದು. ಹಳೆಯ ಕಂಠವನ್ನು ಹಾಗೆಯೇ ಇಟ್ಟುಕೊಂಡು, ಹೊಸ ವಾದ್ಯಗಳನ್ನು ಸೇರಿಸಿ ಈ ಆಲ್ಬಮ್ಮಿಗೆ ಹಾಕಿದ್ದರು. ಹೀಗಾಗಿ ಒಂದೇ ಆಲ್ಬಮ್ಮಿನಲ್ಲಿ 28ರ ಅಗ್ನೆತಾ, 71ರ ಅಗ್ನೆತಾ ಇಬ್ಬರೂ ಸಿಗುತ್ತಾರೆ. ಹುಡುಗ ನಾಲ್ಕನೆಯದನ್ನೂ ಐದನೆಯದನ್ನೂ ಮತ್ತೆ ಮತ್ತೆ ಹಾಕಿದ. ಎಳೆಯ ಕಂಠ ಮೇಲಕ್ಕೆ ಚಿಮ್ಮುತ್ತದೆ. ಮಾಗಿದ ಕಂಠ ಆ ಎತ್ತರದ ಗೊಡವೆಗೆ ಹೋಗದೆ ತನ್ನ ನೆಲೆಯಲ್ಲೇ ತುಂಬಿಕೊಂಡು ಹಾಡುತ್ತದೆ.

ಮುಂದಿನ ವರ್ಷ, 2022ರ ಮೇ 27ರಂದು, ಲಂಡನ್ನಿನಲ್ಲಿ ಇದೇ ಹೆಸರಿನ ಪ್ರದರ್ಶನ ಶುರುವಾಯಿತು. ನಾಲ್ವರಿಗೂ ವಿಶೇಷ ಉಡುಪು ತೊಡಿಸಿ, ಐದು ವಾರ, 160 ಕ್ಯಾಮೆರಾಗಳ ಮುಂದೆ ಚಲನವಲನ ಸೆರೆಹಿಡಿದು, 1979ರ ಎಳೆಯ ಮುಖಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಹಲವರು ಇದನ್ನು ಹೊಲೊಗ್ರಾಮ್ ಎನ್ನುವುದು ತಪ್ಪು, ಅದು ಭಾರೀ ಎಲ್‌ಇಡಿ ಪರದೆ. ತಂತ್ರಜ್ಞಾನ ದೊಡ್ಡದೇ, ಒಪ್ಪಬೇಕು. ಆದರೆ ಮುಖಕ್ಕೆ ಪ್ರಾಯ ಬರಿಸಿದ ಆ ಪರದೆಗಿಂತ, ವಯಸ್ಸನ್ನು ಮುಚ್ಚಿಡದೆ ಹಾಡಿದ ಆಲ್ಬಮ್ಮೇ ಹೆಚ್ಚಿನ ಧೈರ್ಯದ ಕೆಲಸ.

ಡಿಸೆಂಬರಿನ ಒಂದು ಸಂಜೆ ಹುಡುಗ ಬಾಗಿಲು ಹಾಕಿಕೊಂಡು ಮೊಬೈಲಿನ ಶ್ರುತಿಪೆಟ್ಟಿಗೆ ತೆರೆದ. ಮೊದಲು ಐದು ಮನೆ ಶ್ರುತಿಗೆ ಹಾಡುತ್ತಿದ್ದವನು. ಅದು ಆಗಲಿಲ್ಲ. ಮೂರಕ್ಕೆ ಇಳಿಸಿದ, ಎರಡಕ್ಕೆ, ಕಡೆಗೆ ಒಂದಕ್ಕೆ. ಅಲ್ಲಿ ಪಂಚಮ ಸಲೀಸಾಗಿ ಸಿಕ್ಕಿತು. ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಮತ್ತೆ ಒಡೆಯಿತು. ಸ್ವಲ್ಪ ಹೊತ್ತು ಬಿಟ್ಟು ಪುನಃ ಕೆಳಗಿನಿಂದ ಶುರು ಮಾಡಿದ. ಶಾಲೆಯ ಪ್ರಾರ್ಥನೆಗೆ ಅವನು ಇನ್ನೂ ಹೆಸರು ಕೊಟ್ಟಿರಲಿಲ್ಲ. ಚಾವಡಿಯಲ್ಲಿ ಕುಳಿತಿದ್ದ ಅಜ್ಜ ವಾರ್ತೆಯ ಹೊತ್ತಾಗಿದ್ದರೂ ಟಿ.ವಿ. ಹಾಕಲಿಲ್ಲ.